ಬದುಕನ್ನು ಅಳೆದ ಕೊಳಗ

ಭಾರತದ ಬಡತನವನ್ನು ಅಂಕಿಗಳಲ್ಲಿ ಅಳೆಯುವ ಮೊದಲ ಗಂಭೀರ ಪ್ರಯತ್ನ ನಡೆದದ್ದು ಜೈಲಿನ ಅಡುಗೆಮನೆಯ ಲೆಕ್ಕವನ್ನು ಎದುರಿಗಿಟ್ಟುಕೊಂಡು. ದಾದಾಭಾಯಿ ನವರೋಜಿ 1876ರಲ್ಲಿ ಈಸ್ಟ್ ಇಂಡಿಯಾ ಅಸೋಸಿಯೇಶನ್ನಿನ ಮುಂಬಯಿ ಶಾಖೆಯ ಮುಂದೆ ಓದಿದ ಪ್ರಬಂಧದಲ್ಲಿ ಸರ್ಕಾರದ ವರದಿಗಳಿಂದಲೇ ಹೆಕ್ಕಿದ ಅಂಕಿಗಳಿದ್ದವು. 1867-68ರ ಸುಮಾರಿಗೆ ಬ್ರಿಟಿಷ್ ಇಂಡಿಯಾದ ಒಟ್ಟು ಉತ್ಪನ್ನ 34 ಕೋಟಿ ಪೌಂಡ್, ಜನಸಂಖ್ಯೆ 17 ಕೋಟಿ. ಭಾಗಿಸಿದರೆ ತಲೆಗೆ ಎರಡು ಪೌಂಡ್, ಅಂದಿನ ಲೆಕ್ಕದಲ್ಲಿ ವರ್ಷಕ್ಕೆ 20 ರೂಪಾಯಿ.

20 ರೂಪಾಯಿ ಹೆಚ್ಚೋ ಕಡಿಮೆಯೋ ಎಂದು ತೀರ್ಮಾನಿಸಲು ಹೋಲಿಕೆಗೆ ಏನಾದರೂ ಬೇಕಿತ್ತು. ನವರೋಜಿ ಎರಡು ದಾಖಲೆ ಹುಡುಕಿದರು. ಒಂದು, ಕಲ್ಕತ್ತೆಯಿಂದ ಹಡಗು ಹತ್ತುತ್ತಿದ್ದ ವಲಸೆ ಕೂಲಿಗಳಿಗೆ ಸರ್ಕಾರಿ ವೈದ್ಯಾಧಿಕಾರಿ ಗೊತ್ತುಮಾಡಿದ್ದ ಪಡಿ: ಅಕ್ಕಿ ಇಲ್ಲವೇ ಹಿಟ್ಟು, ಬೇಳೆ, ಮಾಂಸ, ತರಕಾರಿ, ತುಪ್ಪ, ಎಣ್ಣೆ, ಉಪ್ಪು. ಇನ್ನೊಂದು, ಪ್ರಾಂತವಾರು ಜೈಲುಗಳಲ್ಲಿ ಕೈದಿಯ ಊಟ-ಬಟ್ಟೆಗೆ ಆಗುತ್ತಿದ್ದ ಖರ್ಚು. ಮುಂಬಯಿ ಪ್ರಾಂತದಲ್ಲಿ ತಲಾ ಉತ್ಪನ್ನ 22 ರೂಪಾಯಿಯಾದರೆ ಕೈದಿಯ ಖರ್ಚು 47 ರೂಪಾಯಿ. ಮದರಾಸಿನಲ್ಲಿ 18ಕ್ಕೆ ಎದುರಾಗಿ 53. ಧಾರವಾಡ, ಬೆಳಗಾವಿಗಳು ಮೊದಲನೆಯ ಸಾಲಿನಲ್ಲೂ, ಬಳ್ಳಾರಿ, ಮಂಗಳೂರುಗಳು ಎರಡನೆಯದರಲ್ಲೂ ಸೇರಿದ್ದವು. ಕಳ್ಳತನ ಮಾಡಿ ಒಳಗೆ ಹೋದವನಿಗೆ ಸಿಗುವುದು ಹೊರಗೆ ದುಡಿದು ಉಣ್ಣುವವನಿಗೆ ಸಿಗುತ್ತಿಲ್ಲ ಎಂಬ ಮಾತಿಗೆ ಸರ್ಕಾರದ ಮುದ್ರೆಯೇ ಬಿದ್ದಂತಾಯಿತು. ಈ ಪಡಿಯಲ್ಲಿ ಮದುವೆ-ಮುಂಜಿ, ಸಾವು-ನೋವು, ಬರಗಾಲದ ಕೂಡಿಕೆ ಯಾವುದೂ ಸೇರಿಲ್ಲವೆಂದು ನವರೋಜಿಯವರೇ ಹೇಳಿದ್ದರು. ಹೊಟ್ಟೆಯೊಂದನ್ನೇ ಅಳೆಯುವ ಕ್ರಮ, ಅದರ ಕೊರತೆಯ ಅರಿವಿನೊಂದಿಗೇ ಆರಂಭವಾಯಿತು.

ಸರ್ಕಾರದ ಉತ್ತರವೂ ಅಂಕಿಯ ರೂಪದಲ್ಲೇ ಬಂತು. 1882ರಲ್ಲಿ ಸರ್ಕಾರದ ಹಣಕಾಸು ಅಧಿಕಾರಿಗಳಾದ ಬೇರಿಂಗ್ ಮತ್ತು ಬಾರ್ಬರ್ ತಲಾ ಆದಾಯ 27 ರೂಪಾಯಿ ಎಂದರು. 1901ರಲ್ಲಿ ವೈಸ್‌ರಾಯ್ ಕರ್ಜನ್ 30 ರೂಪಾಯಿ ಎಂದ. ಅದೇ ವರ್ಷ ವಿಲಿಯಂ ಡಿಗ್ಬಿ ಎಂಬ ಪತ್ರಕರ್ತ, ಇಪ್ಪತ್ತೂ ಇಲ್ಲವೆಂದು ವಾದಿಸಿ ದಪ್ಪ ಪುಸ್ತಕವನ್ನೇ ಬರೆದ. ಆಳುವವರ ಅಂಕಿ ಮೇಲೇರುತ್ತ, ಎದುರಾಳಿಗಳದು ಕೆಳಗಿಳಿಯುತ್ತ ಹೋಯಿತು. ಅಳತೆ ಯಾರ ಕೈಯಲ್ಲಿದೆಯೋ ಅವರ ಕಡೆಗೆ ಕೊಳಗ ವಾಲುವುದು ಈ ಇತಿಹಾಸದುದ್ದಕ್ಕೂ ಕಾಣುವ ಸಂಗತಿ.

ವಾದದ ಬಿಸಿಯಿಂದ ದೂರ ನಿಂತು ಲೆಕ್ಕ ಹಾಕಿದವರಲ್ಲಿ ಮೊದಲ ಹೆಸರು ವಿ.ಕೆ.ಆರ್.ವಿ. ರಾವ್ ಅವರದು. ಕೇಂಬ್ರಿಡ್ಜ್‌ನಲ್ಲಿ ಓದಿದ ರಾವ್ 1931-32ರ ಸಾಲಿನ ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ಆದಾಯವನ್ನು ಅಂದಾಜಿಸಿ 1940ರಲ್ಲಿ ಪುಸ್ತಕವಾಗಿ ಹೊರತಂದರು. ಬೆಳೆಯ ಅಂಕಿಅಂಶ ಹೇಗೋ ಸಿಗುತ್ತಿತ್ತು. ಕುಂಬಾರ, ಅಗಸ, ಗಾಡಿಯವನು, ಮನೆಗೆಲಸದವಳು ಯಾವ ವರದಿಯಲ್ಲೂ ಇರಲಿಲ್ಲ. ರಾವ್ ಕೃಷಿಯನ್ನು ಉತ್ಪನ್ನದ ಬೆಲೆಯಿಂದಲೂ, ಕಸುಬು-ನೌಕರಿಗಳನ್ನು ದುಡಿಯುವವರ ಗಳಿಕೆಯಿಂದಲೂ ಅಳೆದು ಎರಡನ್ನೂ ಜೋಡಿಸಿದರು. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದ, ಕೇಂದ್ರದಲ್ಲಿ ಶಿಕ್ಷಣ ಸಚಿವರಾದ, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದ ರಾವ್ ಇವರೇ. ಇತ್ತ ಸರ್ ಎಂ. ವಿಶ್ವೇಶ್ವರಯ್ಯ 1934ರಲ್ಲೇ ಹತ್ತು ವರ್ಷಗಳಲ್ಲಿ ದೇಶದ ಆದಾಯವನ್ನು ಇಮ್ಮಡಿಗೊಳಿಸುವ ಯೋಜನೆಯೊಂದನ್ನು ಬರೆದಿದ್ದರು. ಎಷ್ಟು ಇಮ್ಮಡಿಯಾಯಿತೆಂದು ನೋಡಲು ಮೊದಲು ಎಷ್ಟಿದೆಯೆಂಬುದು ಗೊತ್ತಿರಬೇಕಿತ್ತು.

ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ರಾಷ್ಟ್ರೀಯ ಆದಾಯ ಸಮಿತಿ ರಚನೆಯಾಯಿತು. ಪಿ.ಸಿ. ಮಹಲನೋಬಿಸ್ ಅಧ್ಯಕ್ಷರು, ಡಿ.ಆರ್. ಗಾಡ್ಗೀಳ್ ಮತ್ತು ರಾವ್ ಸದಸ್ಯರು. ಇರುವ ಕಡತಗಳಿಂದ ಕೆಲಸ ಸಾಗದು, ಮನೆಮನೆಗೆ ಹೋಗಿ ಕೇಳಬೇಕು ಎಂಬುದು ಬೇಗನೆ ಸ್ಪಷ್ಟವಾಯಿತು. ದೇಶದ ಎಲ್ಲ ಮನೆಗಳಿಗೆ ಹೋಗಲಾಗದು. ಆದರೆ ಸರಿಯಾಗಿ ಆರಿಸಿದ ಕೆಲವು ಮನೆಗಳು ಇಡೀ ದೇಶದ ಪರವಾಗಿ ಉತ್ತರ ಹೇಳಬಲ್ಲವು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕುವ ಈ ವಿದ್ಯೆಯಲ್ಲಿ ಮಹಲನೋಬಿಸ್ ಪಳಗಿದ್ದರು. 1950ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮೊದಲ ಸುತ್ತು ಶುರುವಾಯಿತು. ಸುಮಾರು 1,800 ಹಳ್ಳಿಗಳಿಗೆ ಸಮೀಕ್ಷಕರು ಹೋದರು. ಸ್ವತಂತ್ರವಾದ ಬಡ ದೇಶವೊಂದು ಇಷ್ಟು ದೊಡ್ಡ ಪ್ರಮಾಣದಲ್ಲಿ ತನ್ನ ಜನರ ಅಡುಗೆಮನೆಯನ್ನು ವಿಚಾರಿಸಿದ್ದು ಬೇರೆ ದೇಶಗಳಿಗೂ ಮಾದರಿಯಾಯಿತು.

ಸಮೀಕ್ಷಕನ ಕೆಲಸ ಹೊರಗಿನವರು ಊಹಿಸುವುದಕ್ಕಿಂತ ಕಷ್ಟದ್ದು. ಜಗಲಿಯ ಮೇಲೆ ಕೂತು ಕಳೆದ 30 ದಿನಗಳಲ್ಲಿ ಮನೆಯಲ್ಲಿ ಬಳಸಿದ ಅಕ್ಕಿ, ಜೋಳ, ರಾಗಿ, ಬೇಳೆ, ಬೆಲ್ಲ, ಹುಣಸೆಹಣ್ಣು, ಸೀಮೆಎಣ್ಣೆ, ಬೆಂಕಿಪೊಟ್ಟಣ, ಎಲೆ-ಅಡಿಕೆ ಒಂದೊಂದನ್ನೂ ಪ್ರಮಾಣ ಮತ್ತು ಬೆಲೆ ಸಮೇತ ಬರೆದುಕೊಳ್ಳಬೇಕು. ಹಿತ್ತಲ ಸೊಪ್ಪಿಗೆ ಬೆಲೆಯಿಲ್ಲ. ಹೊಲದಿಂದ ಬಂದ ಕಾಳಿಗೆ ಊರಿನಲ್ಲಿ ನಡೆಯುವ ದರ ಕಟ್ಟಬೇಕು. ಮೆಟ್ರಿಕ್ ತೂಕ ಇನ್ನೂ ಬಂದಿರಲಿಲ್ಲ. ಪಾವು, ಸೇರು, ಬಳ್ಳ, ಕೊಳಗ, ಖಂಡುಗಗಳ ಅಳತೆ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತಿತ್ತು. ಒಂದು ಊರಿನ ಸೇರನ್ನು ಇನ್ನೊಂದು ಊರಿನ ಸೇರಿಗೆ ಕೂಡಿಸುವ ಮೊದಲು ಎರಡನ್ನೂ ತೂಗಿ ನೋಡಬೇಕಿತ್ತು.

ಈ ಸಮೀಕ್ಷೆಗಳ ಆಧಾರದ ಮೇಲೆ 1962ರ ಜುಲೈನಲ್ಲಿ ಯೋಜನಾ ಆಯೋಗದ ಕಾರ್ಯತಂಡವೊಂದು ಮೊದಲ ಬಾರಿಗೆ ಬಡತನದ ಗೆರೆ ಎಳೆಯಿತು: 1960-61ರ ಬೆಲೆಗಳಲ್ಲಿ ತಿಂಗಳಿಗೆ ತಲಾ 20 ರೂಪಾಯಿ. ಪೀತಾಂಬರ ಪಂತ್, ಗಾಡ್ಗೀಳ್, ಅಶೋಕ ಮೆಹ್ತಾ, ಮಸಾನಿ, ರಾವ್ ಆ ತಂಡದಲ್ಲಿದ್ದರು. ಗೆರೆಯ ಜತೆಗೊಂದು ಷರತ್ತಿತ್ತು, ಮುಂದಿನ ಮೂವತ್ತು ವರ್ಷಗಳ ಚರ್ಚೆಯೆಲ್ಲ ಅದರೊಳಗೇ ಅಡಗಿತ್ತು. ಆರೋಗ್ಯ ಮತ್ತು ಶಿಕ್ಷಣದ ಖರ್ಚು ಈ 20 ರೂಪಾಯಿಯಲ್ಲಿ ಸೇರಿಲ್ಲ. ಅವೆರಡನ್ನೂ ಸರ್ಕಾರವೇ ಒದಗಿಸುತ್ತದೆ ಎಂಬುದು ಆ ಷರತ್ತು. ಗೆರೆ ಉಳಿಯಿತು, ಷರತ್ತು ಮರೆತುಹೋಯಿತು. ಆಸ್ಪತ್ರೆಗೆ ಸಾಲ ಮಾಡುವ, ಮಗಳನ್ನು ಶಾಲೆ ಬಿಡಿಸುವ ಮನೆಯೂ ಗೆರೆಯ ಮೇಲೆಯೇ ನಿಂತಿರಬಹುದಾದ ಲೆಕ್ಕ ಹೀಗೆ ಹುಟ್ಟಿಕೊಂಡಿತು.

ಮರುವರ್ಷವೇ ಈ ಅಂಕಿಗಳು ಲೋಕಸಭೆಯಲ್ಲಿ ಸ್ಫೋಟಿಸಿದವು. 1963ರ ಉಪಚುನಾವಣೆಯಲ್ಲಿ ಗೆದ್ದು ಬಂದ ರಾಮಮನೋಹರ ಲೋಹಿಯಾ, ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದರು. ನೆಹರೂ ಅದನ್ನು ಒಪ್ಪದೆ ದಿನದ ಆದಾಯ 15 ಆಣೆ ಎಂದು ಉತ್ತರಿಸಿದರು. ಆಣೆ 1957ರಲ್ಲೇ ಚಲಾವಣೆಯ ಲೆಕ್ಕದಿಂದ ಹೋಗಿ ನಯಾಪೈಸೆ ಬಂದಿತ್ತು. ಆದರೂ ವಾದ ಆಣೆಯಲ್ಲೇ ನಡೆಯಿತು, ಜನಕ್ಕೆ ಅರ್ಥವಾಗುತ್ತಿದ್ದದ್ದು ಅದೇ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿದ್ದರು. ನೆಹರೂ ಹೇಳಿದ್ದು ಇಡೀ ದೇಶದ ಸರಾಸರಿ, ಲೋಹಿಯಾ ಕೇಳಿದ್ದು ಕೆಳಗಿನ ಶೇ. 60 ಮಂದಿಯ ಪಾಲು. ಸರಾಸರಿಯ ಸೆರಗಿನಡಿ ಬಡವರು ಕಾಣೆಯಾಗುತ್ತಾರೆಂಬ ಅರ್ಥಶಾಸ್ತ್ರದ ಪಾಠವನ್ನು ಇಷ್ಟು ಸಲೀಸಾಗಿ ಜನರಿಗೆ ಮುಟ್ಟಿಸಿದ ಭಾಷಣಗಳು ಕಡಿಮೆ. 1951ರ ಕಾಗೋಡು ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾಗಿದ್ದ ಲೋಹಿಯಾ ಗೇಣಿದಾರನ ಕಣಜದಲ್ಲಿ ಎಷ್ಟು ಉಳಿಯುತ್ತದೆಂಬುದನ್ನು ಮಲೆನಾಡಿನಲ್ಲಿ ಕಂಡವರೇ.

ಪುಣೆಯ ಗೋಖಲೆ ಸಂಸ್ಥೆಯ ವಿ.ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಗೆರೆಯನ್ನು ಕ್ಯಾಲೊರಿಗೆ ಕಟ್ಟಿಹಾಕಿತು. ದಿನಕ್ಕೆ 2,250 ಕ್ಯಾಲೊರಿ ಕೊಳ್ಳಲು ಹಳ್ಳಿಯಲ್ಲಿ ತಿಂಗಳಿಗೆ 15 ರೂಪಾಯಿ, ಪೇಟೆಯಲ್ಲಿ 22 ರೂಪಾಯಿ 50 ಪೈಸೆ ಬೇಕು, ಹಳ್ಳಿಯ ಶೇ. 40ರಷ್ಟು, ಪೇಟೆಯ ಶೇ. 50ರಷ್ಟು ಜನಕ್ಕೆ ಅಷ್ಟೂ ಇಲ್ಲ ಎಂದಿತು ಅದು. ‘ಗರೀಬಿ ಹಟಾವೋ’ ಘೋಷಣೆಯ ವರ್ಷವೇ ಬಂದ ಈ ಅಂಕಿ ಎಲ್ಲರ ಬಾಯಲ್ಲೂ ಓಡಾಡಿತು. 1979ರಲ್ಲಿ ವೈ.ಕೆ. ಅಲಘ್ ನೇತೃತ್ವದ ಕಾರ್ಯಪಡೆ ಹಳ್ಳಿಗೆ 2,400, ಪಟ್ಟಣಕ್ಕೆ 2,100 ಕ್ಯಾಲೊರಿ ಎಂದು ಗೊತ್ತುಮಾಡಿ 1973-74ರ ಬೆಲೆಗಳಲ್ಲಿ 49 ರೂಪಾಯಿ 9 ಪೈಸೆ, 56 ರೂಪಾಯಿ 64 ಪೈಸೆಯ ಗೆರೆಗಳನ್ನು ಕೊಟ್ಟಿತು. ಪೈಸೆಯವರೆಗಿನ ಈ ಖಚಿತತೆ ಕಣ್ಣಿಗೆ ಚೆಂದ. ಆದರೆ ಒಬ್ಬನೇ ಮನುಷ್ಯನಿಗೆ ಬೇಕಾಗುವ ಕ್ಯಾಲೊರಿಯೂ ದಿನದಿಂದ ದಿನಕ್ಕೆ ಬದಲಾಗುವಾಗ ಎಲ್ಲರಿಗೂ ಒಂದೇ ಅಂಕಿ ಹೇಗೆ ಹೊಂದುತ್ತದೆಂದು ಪಿ.ವಿ. ಸುಖಾತ್ಮೆಯವರಂಥ ಸಂಖ್ಯಾಶಾಸ್ತ್ರಜ್ಞರು ದಾಂಡೇಕರ್ ಅವರೊಂದಿಗೆ ವರ್ಷಗಟ್ಟಲೆ ವಾದ ನಡೆಸಿದರು.

ಹೊಟ್ಟೆಯ ಲೆಕ್ಕದಿಂದ ಆಚೆ ನೋಡುವಂತೆ ಮಾಡಿದ್ದು ಕೇರಳ ಮತ್ತು ಶ್ರೀಲಂಕಾ. ಕೆ.ಎನ್. ರಾಜ್ ನೇತೃತ್ವದಲ್ಲಿ ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರ ವಿಶ್ವಸಂಸ್ಥೆಗಾಗಿ 1975ರಲ್ಲಿ ಸಿದ್ಧಪಡಿಸಿದ ವರದಿ ಒಂದು ವಿಚಿತ್ರವನ್ನು ಮುಂದಿಟ್ಟಿತು. ಆದಾಯದಲ್ಲಿ ಕೇರಳ ದೇಶದ ಸರಾಸರಿಗಿಂತ ಕೆಳಗೆ. ಆದರೆ ಅಲ್ಲಿ ಹುಟ್ಟಿದ ಮಗು ಬದುಕುವುದು ಹೆಚ್ಚು, ಓದು ಕಲಿಯುವುದು ಹೆಚ್ಚು. ಅಮೆರಿಕದ ಆರ್ಥಿಕ ಇತಿಹಾಸಕಾರ ಮಾರಿಸ್ ಡೇವಿಡ್ ಮಾರಿಸ್ 1979ರಲ್ಲಿ ಇಂಥ ವಿಚಿತ್ರಗಳನ್ನೇ ಹಿಡಿಯುವ ಬಲೆಯೊಂದನ್ನು ನೇಯ್ದ. ಶಿಶು ಮರಣ, ಒಂದು ವರ್ಷ ದಾಟಿದ ಮಗುವಿನ ನಿರೀಕ್ಷಿತ ಆಯಸ್ಸು, ಸಾಕ್ಷರತೆ, ಈ ಮೂರನ್ನು ಸೊನ್ನೆಯಿಂದ ನೂರರವರೆಗಿನ ಅಂಕಕ್ಕೆ ಇಳಿಸಿ ಸರಾಸರಿ ತೆಗೆದ. ರೂಪಾಯಿ, ಡಾಲರ್ ಯಾವುದೂ ಅದರಲ್ಲಿರಲಿಲ್ಲ. ತೈಲದ ದುಡ್ಡಿನಲ್ಲಿ ತೇಲುತ್ತಿದ್ದ ದೇಶಗಳು ಆ ಪಟ್ಟಿಯಲ್ಲಿ ಜಾರಿದವು, ಶ್ರೀಲಂಕಾ ಮೇಲೇರಿತು.

ಮಾರಿಸ್‌ನ ಸೂಚ್ಯಂಕ ವಿದ್ವಾಂಸರ ವಲಯ ದಾಟಿ ಹೆಚ್ಚು ದೂರ ಹೋಗಲಿಲ್ಲ. ಅದಕ್ಕೊಬ್ಬ ರಾಜಕೀಯ ಬಲ್ಲವ ಬೇಕಿತ್ತು. ಪಾಕಿಸ್ತಾನದ ಮಹಬೂಬ್ ಉಲ್ ಹಕ್ ಅಂಥವರು. ಅಲ್ಲಿನ ಯೋಜನಾ ಆಯೋಗದ ಮುಖ್ಯ ಅರ್ಥಶಾಸ್ತ್ರಜ್ಞರಾಗಿ ಅಯೂಬ್ ಖಾನ್ ಕಾಲದ ವೇಗದ ಬೆಳವಣಿಗೆಗೆ ಲೆಕ್ಕ ಬರೆದವರು, 1968ರಲ್ಲಿ ಅದೇ ಬೆಳವಣಿಗೆಯ ಫಲ 22 ಕುಟುಂಬಗಳ ಪಾಲಾಗಿದೆ ಎಂದು ಕರಾಚಿಯಲ್ಲಿ ಬಹಿರಂಗವಾಗಿ ಹೇಳಿ ದೇಶದ ರಾಜಕೀಯವನ್ನೇ ಕಲಕಿದವರು. ವಿಶ್ವಬ್ಯಾಂಕ್, ಪಾಕಿಸ್ತಾನದ ಹಣಕಾಸು ಸಚಿವಾಲಯ ಸುತ್ತಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮಕ್ಕೆ ಬಂದ ಹಕ್, 1990ರಲ್ಲಿ ಮೊದಲ ಮಾನವ ಅಭಿವೃದ್ಧಿ ವರದಿ ಹೊರಡಿಸಿದರು. ಕೇಂಬ್ರಿಡ್ಜ್‌ನಿಂದಲೂ ಗೆಳೆಯರಾಗಿದ್ದ ಅಮರ್ತ್ಯ ಸೇನ್ ಅವರನ್ನು ಜತೆಗೆ ಕರೆದುಕೊಂಡರು. ಬದುಕಿನಷ್ಟು ಜಟಿಲವಾದದ್ದನ್ನು ಒಂದೇ ಅಂಕಿಯಲ್ಲಿ ಹಿಡಿಯುವುದು ಒರಟುತನವೆಂದು ಸೇನ್ ಹಿಂಜರಿದರು. ಒರಟೇ ಬೇಕು, ಒಟ್ಟು ರಾಷ್ಟ್ರೀಯ ಉತ್ಪನ್ನದಷ್ಟೇ ಒರಟಾದ, ಆದರೆ ಅದರಷ್ಟು ಕುರುಡಲ್ಲದ ಅಂಕಿ ಬೇಕು ಎಂಬುದು ಹಕ್ ಅವರ ಹಟ. ಗೆದ್ದದ್ದು ಹಟ. ಪುಟಗಟ್ಟಲೆ ಕೋಷ್ಟಕ ಯಾವ ಮಂತ್ರಿಯೂ ಓದುವುದಿಲ್ಲ. ಪಕ್ಕದ ದೇಶಕ್ಕಿಂತ ಎಷ್ಟು ಸ್ಥಾನ ಕೆಳಗಿದ್ದೇವೆ ಎಂಬುದನ್ನು ಎಲ್ಲರೂ ಓದುತ್ತಾರೆ.

ಹೀಗೆ ಬಂದ ಮಾನವ ಅಭಿವೃದ್ಧಿ ಸೂಚ್ಯಂಕದ ಗಣಿತ ಸರಳ. ಮುಂದಿನ ವರದಿಗಳಲ್ಲಿ ನೆಲೆಗೊಂಡ ಕ್ರಮದಂತೆ ಆಯಸ್ಸಿಗೆ ಕನಿಷ್ಠ 25, ಗರಿಷ್ಠ 85 ವರ್ಷದ ಗಡಿ. ಒಂದು ದೇಶದ ಸರಾಸರಿ ಆಯಸ್ಸು 60 ಆದರೆ, 25ರಿಂದ ಮೇಲಕ್ಕೆ 35 ವರ್ಷ ಬಂದಿದೆ, ಹೋಗಬೇಕಾದ ದೂರ 60, ಅಂಕ 0.583. ಓದಿಗೂ ಇದೇ ರೀತಿ. ಆದಾಯಕ್ಕೆ ಮಾತ್ರ ಲಘುಗಣಕ ಬಳಸಿದರು. ನೂರು ರೂಪಾಯಿ ಇರುವವನಿಗೆ ಸಿಗುವ ಹತ್ತು ರೂಪಾಯಿಯೂ ಲಕ್ಷಾಧಿಪತಿಗೆ ಸಿಗುವ ಹತ್ತು ರೂಪಾಯಿಯೂ ಒಂದೇ ತೂಕದ್ದಲ್ಲ ಎಂಬುದು ಕಾರಣ. ಮೂರರ ಸರಾಸರಿಯೇ ಸೂಚ್ಯಂಕ. 1962ರ ಕಾರ್ಯತಂಡ ಸರ್ಕಾರದ ಜವಾಬ್ದಾರಿಯೆಂದು ಗೆರೆಯಿಂದ ಆಚೆ ಇಟ್ಟಿದ್ದ ಆರೋಗ್ಯ ಮತ್ತು ಶಿಕ್ಷಣ, 28 ವರ್ಷಗಳ ನಂತರ ಅಳತೆಯ ಮೂರರಲ್ಲಿ ಎರಡು ಪಾಲಾಗಿ ಮರಳಿ ಬಂದವು. ಇದರಲ್ಲಿ ಹೊಸದೇನೂ ಇಲ್ಲವೆಂದು ಅರ್ಥಶಾಸ್ತ್ರಜ್ಞ ಟಿ.ಎನ್. ಶ್ರೀನಿವಾಸನ್ ಕಟುವಾಗಿಯೇ ಟೀಕಿಸಿದರು. 2010ರಲ್ಲಿ ಸೂತ್ರ ಬದಲಾಯಿತು. ಒಂದರ ಕೊರತೆಯನ್ನು ಇನ್ನೊಂದರಿಂದ ಸುಲಭವಾಗಿ ತುಂಬಿಕೊಳ್ಳಲಾಗದಂತೆ ಗುಣೋತ್ತರ ಸರಾಸರಿ ಬಂತು. ಭೂತಾನ್ ಮಾತ್ರ ಬೇರೆ ದಾರಿ ಹಿಡಿದು ಸಂತೋಷವನ್ನೇ ಅಳೆಯಲು ಹೊರಟಿತು, ಅದಕ್ಕೆ ಒಂಬತ್ತು ಕ್ಷೇತ್ರಗಳ ಸೂಚ್ಯಂಕವನ್ನೂ ಮಾಡಿಕೊಂಡಿತು.

ಭಾರತದೊಳಗೆ ಮಾನವ ಅಭಿವೃದ್ಧಿಯ ಅಳತೆಯನ್ನು ಮೊದಲು ಕೈಗೆತ್ತಿಕೊಂಡದ್ದು ಮಧ್ಯಪ್ರದೇಶ, 1995ರಲ್ಲಿ. ಕರ್ನಾಟಕ 1999ರಲ್ಲಿ ತನ್ನ ವರದಿ ತಂದಿತು, 2005ರಲ್ಲಿ ಎರಡನೆಯದು. ರಾಜ್ಯದ ಸೂಚ್ಯಂಕ 1991ರ 0.541ರಿಂದ 2001ರ ಹೊತ್ತಿಗೆ 0.650ಕ್ಕೆ ಏರಿದ್ದು ಸಂತೋಷದ ಸುದ್ದಿ. ಜಿಲ್ಲೆಗಳ ಪಟ್ಟಿ ಓದಿದರೆ ಆ ಸಂತೋಷ ಉಳಿಯುವುದಿಲ್ಲ. ಬೆಂಗಳೂರು ನಗರ 0.753ರಲ್ಲಿ, ರಾಯಚೂರು 0.547ರಲ್ಲಿ. ಹತ್ತು ವರ್ಷಗಳ ಹಿಂದೆ ಇಡೀ ರಾಜ್ಯದ ಸರಾಸರಿ ಎಲ್ಲಿತ್ತೋ, ರಾಯಚೂರು 2001ರಲ್ಲಿ ಹೆಚ್ಚುಕಡಿಮೆ ಅಲ್ಲಿ ನಿಂತಿತ್ತು.

ಏಕೀಕರಣದ ದಿನದಿಂದ ಉತ್ತರದ ಜಿಲ್ಲೆಗಳಲ್ಲಿ ಹೊಗೆಯಾಡುತ್ತಿದ್ದ ಅಸಮಾಧಾನಕ್ಕೆ ಅಂಕಿಯ ರೂಪ ಕೊಟ್ಟವರು ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ. 2000ದಲ್ಲಿ ನೇಮಕವಾದ ಅವರ ಉನ್ನತಾಧಿಕಾರ ಸಮಿತಿ 2002ರ ಜೂನ್‌ನಲ್ಲಿ ವರದಿ ಕೊಟ್ಟಿತು. ಜಿಲ್ಲೆಯ ಸರಾಸರಿ ತಾಲ್ಲೂಕುಗಳ ಬಡತನವನ್ನು ಮುಚ್ಚುತ್ತದೆಂದು ಸಮಿತಿ ನೇರವಾಗಿ ತಾಲ್ಲೂಕಿಗೇ ಇಳಿಯಿತು. ಕೃಷಿ, ಕೈಗಾರಿಕೆ, ರಸ್ತೆ-ಬ್ಯಾಂಕು, ಶಾಲೆ-ಆಸ್ಪತ್ರೆ, ಜನಸಂಖ್ಯೆಗೆ ಸೇರಿದ 35 ಸೂಚಕಗಳನ್ನು ಕೂಡಿಸಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು ಒಂದೊಂದು ತಾಲ್ಲೂಕಿಗೂ ಅಂಕ ಕೊಟ್ಟಿತು. ಅಂದಿನ 175 ತಾಲ್ಲೂಕುಗಳಲ್ಲಿ 114 ಒಂದಕ್ಕಿಂತ ಕೆಳಗಿದ್ದವು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದವು, ಅದರಲ್ಲೂ 21 ಗುಲ್ಬರ್ಗ ವಿಭಾಗದವು. ದಕ್ಷಿಣದಲ್ಲೂ 55 ತಾಲ್ಲೂಕುಗಳು ಪಟ್ಟಿಯಲ್ಲಿದ್ದದ್ದು ಹಲವರಿಗೆ ಅನಿರೀಕ್ಷಿತವಾಗಿತ್ತು. ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನು ಸಮಿತಿ ಸೂಚಿಸಿತು. ಅಂದಿನಿಂದ ‘ನಂಜುಂಡಪ್ಪ ವರದಿ’ ಎಂಬುದು ಬಜೆಟ್ ಅಧಿವೇಶನದ ಮಾತು. ತಮ್ಮ ತಾಲ್ಲೂಕು ಯಾವ ಗುಂಪಿನದೆಂದು ಶಾಸಕರು ಬಾಯಿಪಾಠ ಹೇಳುತ್ತಾರೆ. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನ ತಂದುಕೊಟ್ಟ ಹೋರಾಟದಲ್ಲೂ ಈ ಅಂಕಿಗಳು ಆಯುಧವಾದವು.

ಅದೇ ಕಾಲದಲ್ಲಿ ದೆಹಲಿಯಲ್ಲಿ ಹಳೆಯ ಬಡತನ ರೇಖೆ ಬೇರೆಯೇ ತೊಡಕಿಗೆ ಸಿಕ್ಕಿತ್ತು. 30 ದಿನಗಳ ಊಟದ ಖರ್ಚು ಯಾರಿಗೆ ನೆನಪಿರುತ್ತದೆ, 7 ದಿನಗಳದ್ದನ್ನು ಕೇಳಿದರೆ ಹೇಗೆ ಎಂದು ಮಾದರಿ ಸಮೀಕ್ಷೆ ಪ್ರಯೋಗ ಮಾಡಿ ನೋಡಿತು. ವಾರದ ಲೆಕ್ಕದಲ್ಲಿ ಜನ ಹೆಚ್ಚು ತಿಂದಂತೆ ಕಂಡರು. ಬಡವರ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಒಂದು ಕಾಳು ಅಕ್ಕಿಯೂ ಹೆಚ್ಚದೆ, ಪ್ರಶ್ನೆ ಬದಲಾದದ್ದಕ್ಕೇ ಇಷ್ಟು. 1999-2000ದ ಸುತ್ತಿನಲ್ಲಿ ಎರಡೂ ಪ್ರಶ್ನೆಗಳನ್ನು ಒಂದೇ ಮನೆಯಲ್ಲಿ ಅಕ್ಕಪಕ್ಕ ಕೇಳಿದ್ದರಿಂದ ಉತ್ತರಗಳು ಕಲಸಿಹೋದವು. ಶೇ. 26.1 ಎಂಬ ಅಧಿಕೃತ ಅಂಕಿಯನ್ನು ಹಿಂದಿನ ಸುತ್ತುಗಳೊಂದಿಗೆ ಹೋಲಿಸಬಹುದೇ ಎಂಬ ಜಗಳದಲ್ಲಿ ಆಂಗಸ್ ಡೀಟನ್‌ರಂಥ ಅರ್ಥಶಾಸ್ತ್ರದ ಘಟಾನುಘಟಿಗಳು ಇಳಿದರು. ಸುರೇಶ್ ತೆಂಡುಲ್ಕರ್ ಸಮಿತಿ 2009ರಲ್ಲಿ ಕ್ಯಾಲೊರಿಯ ಕಟ್ಟನ್ನು ಬಿಚ್ಚಿ, ಆರೋಗ್ಯ-ಶಿಕ್ಷಣಗಳ ಖಾಸಗಿ ಖರ್ಚನ್ನೂ ಸೇರಿಸಿ ಹೊಸ ಗೆರೆ ಎಳೆಯಿತು. 2011ರ ಸೆಪ್ಟೆಂಬರಿನಲ್ಲಿ ಯೋಜನಾ ಆಯೋಗ ಅದರ ಆಧಾರದ ಮೇಲೆ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿ ನಗರದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಎಂದಾಗ ದೇಶವೇ ಸಿಡಿದೆದ್ದಿತು. ಸಿ. ರಂಗರಾಜನ್ ಸಮಿತಿ 2014ರಲ್ಲಿ ಇನ್ನೊಂದು ಗೆರೆ ಸೂಚಿಸಿತು. ಒಂದೇ ವರ್ಷದ, ಅಂದರೆ 2011-12ರ ಬಡವರು ತೆಂಡುಲ್ಕರ್ ಲೆಕ್ಕದಲ್ಲಿ ಶೇ. 21.9, ರಂಗರಾಜನ್ ಲೆಕ್ಕದಲ್ಲಿ ಶೇ. 29.5. ರಂಗರಾಜನ್ ಗೆರೆಯನ್ನು ಸರ್ಕಾರ ಅಧಿಕೃತವಾಗಿ ಒಪ್ಪಲಿಲ್ಲ. 2017-18ರ ಖರ್ಚಿನ ಸಮೀಕ್ಷೆಯನ್ನು ಗುಣಮಟ್ಟದ ಕಾರಣ ಹೇಳಿ ಬಿಡುಗಡೆಯನ್ನೇ ಮಾಡಲಿಲ್ಲ.

ರೂಪಾಯಿಯ ಗೆರೆ ಹೀಗೆ ಮಂಕಾದ ಜಾಗದಲ್ಲಿ ಬಹು ಆಯಾಮದ ಬಡತನ ಸೂಚ್ಯಂಕ ಬಂದು ಕೂತಿತು. ಆಕ್ಸ್‌ಫರ್ಡ್‌ನ ಸಬೀನಾ ಅಲ್ಕೈರ್ ಮತ್ತು ಜೇಮ್ಸ್ ಫಾಸ್ಟರ್ ರೂಪಿಸಿದ ವಿಧಾನವಿದು, 2010ರಿಂದ ವಿಶ್ವಸಂಸ್ಥೆಯ ವರದಿಗಳಲ್ಲಿದೆ. ನೀತಿ ಆಯೋಗ 2021ರಲ್ಲಿ 12 ಸೂಚಕಗಳೊಂದಿಗೆ ಅದನ್ನು ದೇಶಕ್ಕೆ ಅಳವಡಿಸಿತು. ಇಲ್ಲಿ ನೋಡುವುದು ಮನೆಯನ್ನು. ಪೌಷ್ಟಿಕತೆಯ ಕೊರತೆಗೆ ಆರರಲ್ಲೊಂದು ಪಾಲು ತೂಕ. ಸೌದೆ ಒಲೆ, ಶೌಚಾಲಯವಿಲ್ಲದಿರುವುದು, ಮಣ್ಣಿನ ನೆಲ, ಬ್ಯಾಂಕ್ ಖಾತೆಯಿಲ್ಲದಿರುವುದು ಇಂಥವಕ್ಕೆ ತಲಾ ಇಪ್ಪತ್ತೊಂದರಲ್ಲೊಂದು. ಒಟ್ಟು ಮೂರನೇ ಒಂದು ಭಾಗ ಮುಟ್ಟಿದರೆ ಮನೆ ಬಡವರದು. ಈ ಐದೂ ಕೊರತೆಗಳಿರುವ ಮನೆಯ ಅಂಕ 0.357, ಬಡತನ ಖಚಿತ. ಆ ಮನೆಯ ಯಾರೋ ಒಬ್ಬರು ಹೋಗಿ ಜನಧನ ಖಾತೆ ತೆರೆದರೆ ಅಂಕ 0.310ಕ್ಕೆ ಇಳಿದು ಮನೆ ಪಟ್ಟಿಯಿಂದ ಹೊರಗೆ. ಮಗು ಮೊದಲಿನಷ್ಟೇ ಬಡಕಲು, ಒಲೆಯಲ್ಲಿ ಅದೇ ಹೊಗೆ, ಖಾತೆಯಲ್ಲಿ ಸೊನ್ನೆ. ಹಾಗೆಂದು ಅಳತೆ ಸುಳ್ಳೆನ್ನಲಾಗದು; ಕಕ್ಕಸು, ಗ್ಯಾಸು, ಕರೆಂಟು ಬಂದ ಮನೆಗಳ ಬದುಕು ನಿಜಕ್ಕೂ ಹಗುರಾಗಿದೆ. ಈ ಲೆಕ್ಕದಂತೆ 2015-16ರಲ್ಲಿ ಶೇ. 24.85 ಇದ್ದ ದೇಶದ ಬಡತನ 2019-21ರಲ್ಲಿ ಶೇ. 14.96ಕ್ಕೆ ಇಳಿಯಿತು. ಬಿಹಾರದಲ್ಲಿ ಶೇ. 51.89 ಇದ್ದದ್ದು 33.76 ಆಯಿತು.

ವಿಶ್ವಬ್ಯಾಂಕಿನ ದಿನಕ್ಕೊಂದು ಡಾಲರಿನ ಗೆರೆ 1990ರಲ್ಲಿ ಶುರುವಾಗಿ, ಬೆಲೆಗಳ ಲೆಕ್ಕ ಹೊಸದಾದಂತೆಲ್ಲ ಏರುತ್ತ 2025ರಲ್ಲಿ ಮೂರು ಡಾಲರಿಗೆ ಬಂದು ನಿಂತಿದೆ. ಕರ್ನಾಟಕದಲ್ಲಿ ನಂಜುಂಡಪ್ಪ ಸಮಿತಿಯ ತಾಲ್ಲೂಕು ಪಟ್ಟಿ ಹಳತಾಗಿ, ತಾಲ್ಲೂಕುಗಳೇ ಒಡೆದು 200 ದಾಟಿದ ಮೇಲೆ, 2024ರಲ್ಲಿ ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚನೆಯಾಯಿತು. ಆದರೆ ತಲಾ ಆದಾಯ, ತಲಾ ಖರ್ಚು, ಸಾವಿರಕ್ಕೆ ಇಷ್ಟು ಹಾಸಿಗೆ, ಇಷ್ಟು ಶಿಕ್ಷಕರು ಎನ್ನುವ ಯಾವ ಲೆಕ್ಕಕ್ಕೂ ಮೊದಲು ತಲೆ ಎಣಿಸಿರಬೇಕು. ದೇಶದಲ್ಲಿ ಕೊನೆಯ ಸಲ ತಲೆ ಎಣಿಸಿದ್ದು 2011ರಲ್ಲಿ; ಮುಂದಿನ ಜನಗಣತಿಗೆ ಗೊತ್ತುಮಾಡಿರುವ ದಿನ 2027ರ ಮಾರ್ಚ್ 1.